ಮೀನೆಣ್ಣೆ ಕುಡಿದ ಜಪಾನ್ ಪೆಟ್ಟಿಗೆ

ನನ್ನ ಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ವಾದ್ಯವಿದೆ. ಒಂದೂವರೆ ಮೊಳ ಉದ್ದದ ಮರದ ಪೆಟ್ಟಿಗೆ, ಅದರ ಮೇಲೆ ಉಕ್ಕಿನ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನಲ್ಲಿ ಇರುವಂಥ ಗುಂಡಿಗಳ ಸಾಲು. ಎಡಗೈಯಿಂದ ಗುಂಡಿ ಒತ್ತಿ ಬಲಗೈಯಿಂದ ತಂತಿ ಮೀಟಬೇಕು. ಬುಲ್‌ಬುಲ್ ತರಂಗ ಎಂದು ಈಗ ಹೇಳುತ್ತಾರೆ. ನಮ್ಮ ಬೆಂಗರೆಯಲ್ಲಿ ಆಗ ಅದಕ್ಕೆ ಜಪಾನ್ ಪೆಟ್ಟಿಗೆ ಎಂದೇ ಹೆಸರು, ಏಕೆಂದರೆ ಅದು ಬಂದದ್ದು ಜಪಾನಿನಿಂದ. ಹೋದ ತಿಂಗಳು ಸಂಗೀತ ಕಲಿಸುವ ಒಬ್ಬ ಮಹಾಶಯರು ಅದನ್ನು ನೋಡಲಿಕ್ಕೆಂದು ಬಂದರು. ಜಪಾನಿನ ಹಳೇ ವಾದ್ಯಗಳನ್ನೂ ಪಾಶ್ಚಾತ್ಯರ ಪಿಟೀಲು ಪಿಯಾನೋಗಳನ್ನೂ ಕೂಡಿಸಿ ಹೊಸ ಬಗೆಯ ಶಾಸ್ತ್ರೀಯ ಸಂಗೀತ ಮಾಡುವವರು ಈಗ ಬೇಕಾದಷ್ಟು ಮಂದಿ ಇದ್ದಾರಂತೆ. ನಿಮ್ಮ ಸೋದರಮಾವ ಅದನ್ನು ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಮಂಗಳೂರಿನಲ್ಲಿ ಮಾಡಿದ್ದರಂತಲ್ಲ, ಎಂದು ಕೇಳಿದರು. ನಾನು ಗೋಣಿ ಬಿಚ್ಚಿದೆ. ಮಹಾಶಯರ ಕೈ ಜೇಬಿಗೆ ಹೋಯಿತು, ಕರವಸ್ತ್ರ ಮೂಗಿಗೆ ಬಂತು. ನಾನು ಗೋಣಿಯನ್ನು ಪುನಃ ಕಟ್ಟಿದೆ. ಚಾ ಕುಡಿದು ಹೋಗಿ ಎಂದೆ. ಕುಡಿಯಲಿಲ್ಲ, ಹೋದರು.

ಆ ಸಂಗೀತ ಎಂದರೆ ನನಗೂ ಹೇಸಿಗೆಯೇ. ಆದರೆ ಅವರ ಹೇಸಿಗೆ ಬೇರೆ, ನನ್ನದು ಬೇರೆ. ನಾನು ಐದನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವ. ಮೂರು ದೋಣಿ, ಮೀನೆಣ್ಣೆ ಕಾಯಿಸುವ ಒಂದು ದೊಡ್ಡ ಕೊಟ್ಟಿಗೆ, ನಾಲ್ಕು ಮಕ್ಕಳ ವಿದ್ಯೆ, ಎಲ್ಲ ಈ ಎರಡು ಕೈಯಿಂದ ಮಾಡಿದ್ದು. ಯಾರ ಬಾಗಿಲಲ್ಲೂ ಹೋಗಿ ನಿಂತವನಲ್ಲ. ಮೀನು ನನಗೆ ಎಂದೂ ಅಸಹ್ಯವಲ್ಲ. ನನಗೆ ಓಕರಿಕೆ ಬರುವುದು ಯಾವುದಕ್ಕೆ ಎಂದು ಹೇಳಬೇಕಾದರೆ ನಾನು ಹುಟ್ಟಿದ ಮನೆಯಿಂದಲೇ ಶುರು ಮಾಡಬೇಕು.

ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಲಂಗೋಟಿಯ ಹಾಗೆ ಉದ್ದಕ್ಕೆ ಬಿದ್ದುಕೊಂಡ ಮರಳು ಹೊಯಿಗೆಯ ಪಟ್ಟಿ, ಅದು ಬೆಂಗರೆ. ಹೊಳೆಯಾಚೆ ಬಂದರು, ಹಂಚಿನ ಕಾರ್ಖಾನೆಗಳ ಚಿಮಿಣಿ, ಶಾಲೆ, ಪೇಟೆ. ಬೆಂಕಿಪೆಟ್ಟಿಗೆ ಬೇಕಾದರೂ ನಾವು ದೋಣಿ ಹತ್ತಬೇಕು. ನಮ್ಮದು ತೆಂಗಿನ ಮಡಲು ಹೊದೆಸಿದ ಮನೆ. ಒಳಕೋಣೆಯಲ್ಲಿ ಬಲೆಗಳು, ಒಣಮೀನಿನ ಮಡಕೆಗಳು, ಅಕ್ಕಿಮುಡಿ, ಅದರ ಪಕ್ಕ ಅಜ್ಜಿಯ ಚಾಪೆ. ಉಳಿದವರೆಲ್ಲ ಜಗಲಿಯಲ್ಲಿ. ಅಂಗಳದ ಮೂಲೆಯಲ್ಲಿ ಬೂತಾಯಿ ಮೀನು ಬೇಯಿಸುವ ಒಂದು ಹಂಡೆ. ಮೀನು ಬೆಂದು ಕೊಳೆತ ಗಂಜಿಯ ಹಾಗಾದ ಮೇಲೆ ಮೇಲಕ್ಕೆ ಎಣ್ಣೆ ಬರುತ್ತದೆ, ಅದನ್ನು ಚಿಪ್ಪಿನಲ್ಲಿ ತೆಗೆದು ಕುಪ್ಪಿಗಳಲ್ಲಿ ತುಂಬುವುದು ಅಜ್ಜಿಯ ಕೆಲಸ. ಉಳಿದ ಗಸಿ ತೆಂಗಿನ ಬುಡಕ್ಕೆ. ಉಪ್ಪುಗಾಳಿ ತಿನ್ನುವ ಯಾವ ವಸ್ತುವಿಗೂ ಅಜ್ಜಿಯ ಮದ್ದು ಒಂದೇ, ಆ ಎಣ್ಣೆ. ದೋಣಿಯ ಹಲಗೆಗೆ ಅದು, ಕತ್ತಿಗೆ ಅದು, ಬಾಗಿಲ ಚಿಲಕಕ್ಕೆ ಅದು, ಮುತ್ತಜ್ಜನ ಕಾಲದ ಕಬ್ಬಿಣದ ಪೆಟ್ಟಿಗೆಗೆ ಅದು. ಮೆತ್ತಗಿನ ಒಂದು ಹಳೇ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ, ಮಗುವಿನ ಮೈ ತಿಕ್ಕುವ ಹಾಗೆ ತಿಕ್ಕುತ್ತಿದ್ದಳು. ಆ ವಾಸನೆ ಹೇಗಿತ್ತು ಎಂದು ಕೇಳಿದರೆ ನಾನು ಹೇಳಲಾರೆ. ಅದು ವಾಸನೆ ಎಂದೇ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಮ್ಮದು ಅಳಿಯಕಟ್ಟಿನ ಮನೆತನ. ಮನೆ ಅಮ್ಮನ ಕಡೆಯದು, ಯಜಮಾನಿಕೆ ಅಮ್ಮನ ತಮ್ಮನದು, ಅವನ ನಂತರ ಅವನ ಅಳಿಯನಾದ ನನ್ನದು. ಅಪ್ಪ ತನ್ನ ಅಕ್ಕನ ಮನೆಯಲ್ಲಿ, ಉಳ್ಳಾಲದಲ್ಲಿ ಇದ್ದರು. ವಾರಕ್ಕೊಮ್ಮೆ ಬಂದು, ಊಟ ಮಾಡಿ, ನನ್ನ ತಲೆ ಸವರಿ ಹೋಗುತ್ತಿದ್ದರು. ಆದ್ದರಿಂದ ನನ್ನ ಮಟ್ಟಿಗೆ ಗಂಡಸು ಎಂದರೆ ವಾಸು ಮಾವ. ಆ ಮಾವನೋ, ರಂಪಣಿ ಬಲೆಯ ಹಗ್ಗ ಬಿಟ್ಟು ಬೊಂಬಾಯಿಗೆ ಓಡಿಹೋದವರು. ಅಲ್ಲಿ ಬಂದರಿನ ಹತ್ತಿರದ ಯಾವುದೋ ಹೋಟೆಲಿನಲ್ಲಿ ಮೂರು ವರ್ಷ ಪಾತ್ರೆ ತೊಳೆದು, ತಿರುಗಿ ಬರುವಾಗ ಕಂಕುಳಲ್ಲಿ ಈ ಪೆಟ್ಟಿಗೆ ಇಟ್ಟುಕೊಂಡು ಬಂದರು. ಅಮ್ಮನಿಗೆ ಒಂದು ಸೀರೆ ಇಲ್ಲ, ಅಜ್ಜಿಗೆ ಒಂದು ಕಂಬಳಿ ಇಲ್ಲ. ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟು ಹೋಟೆಲಿನ ಕತೆ ಹೇಳಿದರು. ಒಂದು ಮಧ್ಯಾಹ್ನ ಜಪಾನಿನ ಹಡಗಿನವರು ಅಲ್ಲಿಗೆ ಬಂದರಂತೆ. ಅವರಲ್ಲಿ ಒಬ್ಬ ಆಳುದ್ದದ ಒಂದು ತಂತಿವಾದ್ಯವನ್ನು ನೆಲದ ಮೇಲಿಟ್ಟು ಬಾರಿಸಿದನಂತೆ. ಹೋಟೆಲಿನ ಬ್ಯಾಂಡಿನ ಬಿಳಿಯನೊಬ್ಬ ಸುಮ್ಮನೆ ಕೇಳುತ್ತಾ ನಿಂತವನು ತನ್ನ ಪಿಟೀಲು ತೆಗೆದು ಅದಕ್ಕೆ ಜೊತೆಯಾದನಂತೆ. ಮಾವ ಸಾಬೂನು ಕೈಯಲ್ಲೇ ಬಾಗಿಲ ಹಿಂದೆ ನಿಂತಿದ್ದರಂತೆ.

"ಎರಡು ಸ್ವರ ಅವ ಬಾರಿಸುವುದೇ ಇಲ್ಲ ಅಕ್ಕಾ. ಬಿಟ್ಟೇ ಬಿಡ್ತಾನೆ. ಆ ಬಿಟ್ಟ ಜಾಗಕ್ಕೆ ಪಿಟೀಲಿನವ ಬಂದು ಕೂತುಕೊಳ್ತಾನೆ. ಒಬ್ಬನ ಕಾಲು ಒಬ್ಬ ಮೆಟ್ಟುವುದಿಲ್ಲ ಮಾರಾಯ್ತಿ, ಎಷ್ಟು ಚಂದ ಗೊತ್ತುಂಟಾ?"

"ಜಾಗ ಬಿಡುವುದನ್ನು ನೋಡ್ಲಿಕ್ಕೆ ಬೊಂಬಾಯಿಗೆ ಹೋಗ್ಬೇಕಿತ್ತಾ?" ಎಂದಳು ಅಮ್ಮ. "ಇಲ್ಲಿ ಹಗ್ಗದಲ್ಲಿ ನಿನ್ನ ಜಾಗ ಮೂರು ವರ್ಷದಿಂದ ಖಾಲಿಯೇ ಉಂಟು. ಅದಕ್ಕೆ ಯಾವ ಪಿಟೀಲಿನವನೂ ಬಂದು ಕೂತುಕೊಳ್ಳಲಿಲ್ಲ."

ಆದರೆ ಪಿಟೀಲಿನವ ನಮ್ಮ ಮನೆಗೆ ಬಂದೇಬಿಟ್ಟ. ಹೊಳೆಯಾಚೆ ಇಗರ್ಜಿಯಲ್ಲಿ ಮುಪ್ಪಿನ ತನಕ ಪಿಟೀಲು ಬಾರಿಸಿ ನಿವೃತ್ತನಾದ ಇನಾಸ್ ಎಂಬ ಮುದುಕ. ಕ್ರಿಸ್ತರನ್ನು ನಮ್ಮವರು ಪೊರ್ಬುಗಳು ಎಂದು ಕರೆಯುವುದರಿಂದ ನಮಗೂ ಅವನು ಪೊರ್ಬು. ಈ ಮುದುಕನ ನೆನಪಾದರೆ ಈಗಲೂ ನನಗೆ ಊಟ ಸೇರುವುದಿಲ್ಲ. ಮೂಗಿಗೆ ನಶ್ಯ ಏರಿಸಿ, ಸೀನಿ, ಅದೇ ಬೆರಳನ್ನು ಪಂಚೆಗೆ ಒರೆಸಿ, ಅದೇ ಬೆರಳಿನಿಂದ ಪಿಟೀಲಿನ ತಂತಿ ತಿರುಚುತ್ತಿದ್ದ. ಕಳ್ಳು ಕುಡಿದು ತೇಗುತ್ತಿದ್ದ. ಅಂಗಳದಲ್ಲಿ ಕಾಲಿಡಲಾಗದ ಹಾಗೆ ಉಗುಳುತ್ತಿದ್ದ. ವಾರದಲ್ಲಿ ನಾಲ್ಕು ದಿನ ಅವನಿಗೆ ನಮ್ಮಲ್ಲೇ ಮಧ್ಯಾಹ್ನದ ಊಟ. ಬಂಗುಡೆ ಸಾರಿನಲ್ಲಿ ಮೀನಿನ ನಡುತುಂಡು ಅವನ ಬಟ್ಟಲಿಗೆ, ತಲೆ ಮಾವನಿಗೆ, ಬಾಲ ನನಗೆ, ಅಮ್ಮನಿಗೆ ಪಾತ್ರೆಯ ಅಡಿಯ ಗಸಿ. ಬುಟ್ಟಿ ಹೊತ್ತು ಇಡೀ ಬಂದರು ಸುತ್ತಿ ಮೀನು ಮಾರಿ ಬಂದ ಅಮ್ಮನಿಗೆ ಗಸಿ! ಅವನು ಮುಳ್ಳನ್ನು ಚೀಪಿ ಚೀಪಿ ಬಟ್ಟಲಿನ ಅಂಚಿಗೆ ಸಾಲಾಗಿ ಅಂಟಿಸುತ್ತಿದ್ದ. ಆಮೇಲೆ ಅದೇ ತುಟಿಯಿಂದ "ದೇವರ ದಯೆ" ಎನ್ನುತ್ತಿದ್ದ.

ಇನ್ನು ಆ ಸಂಗೀತ! ಮಾವ ಬೆಳಗ್ಗಿನ ಗಂಜಿ ಕುಡಿದು ಕೂತರೆ ಹೊಟ್ಟೆ ಹಸಿಯುವ ತನಕ ಏಳುತ್ತಿರಲಿಲ್ಲ. ಗುಂಡಿ ಒತ್ತಿದಾಗ ಟಕ್ ಟಕ್ ಎಂಬ ಸದ್ದು ಮೊದಲು, ಅದರ ಹಿಂದೆ ತೆಳ್ಳಗಿನ ಒಂದು ಕಿಂಯ್. ತಗಡಿನ ಮೇಲೆ ಏಡಿ ನಡೆದ ಹಾಗೆ. ಪೊರ್ಬುವಿನ ಪಿಟೀಲು ಅದರ ಸುತ್ತ ಇಗರ್ಜಿಯ ರಾಗವನ್ನು ಎಳೆಯುತ್ತಿತ್ತು. ನಮ್ಮ ಭಜನಾ ಮಂದಿರದಿಂದ ತಂದ ಶ್ರುತಿಪೆಟ್ಟಿಗೆಯನ್ನು ಒತ್ತುವ ಕೆಲಸ ನನಗೆ. ಅದು ಭಜನೆಯಲ್ಲ, ಪೊರ್ಬುಗಳ ಪೂಜೆಯಲ್ಲ, ಯಕ್ಷಗಾನದ ಆಟದ ಪದವಲ್ಲ. ನೆರೆಮನೆಯವರು ಬೇಲಿಯ ಆಚೆಯಿಂದ ಕೇಳುತ್ತಿದ್ದರು, "ಎಂತ ವಾಸು, ಪೆಟ್ಟಿಗೆಗೆ ಹೊಟ್ಟೆನೋವಾ?" ಮಾವನಿಗೆ ಸಿಟ್ಟೇ ಬರುತ್ತಿರಲಿಲ್ಲ, ಅದು ಇನ್ನೂ ಅಸಹ್ಯ. "ಹೌದು ಮಾರಾಯ, ಮದ್ದು ಮಾಡ್ತಾ ಇದ್ದೇನೆ" ಎಂದು ನಗುತ್ತಿದ್ದರು. ನಡುನಡುವೆ ಪೊರ್ಬುವಿಗೆ ಪಾಠ.

"ಪೊರ್ಬುಗಳೇ, ಅಲ್ಲಿ ನೀವು ಬರ್ಬೇಡಿ, ಅದು ನನ್ನ ಜಾಗ. ನಾನು ಕೈ ಎತ್ತಿದ ಮೇಲೆ ಬನ್ನಿ."

"ನೀನು ಕೈ ಎತ್ತಿದ್ದು ನೊಣ ಓಡಿಸ್ಲಿಕ್ಕಾ, ನನ್ನನ್ನು ಕರೀಲಿಕ್ಕಾ, ನನಗೆ ಹೇಗೆ ಗೊತ್ತಾಗ್ಬೇಕು?"

"ನೊಣಕ್ಕೆ ಎರಡು ಸಲ ಎತ್ತುತ್ತೇನೆ."

ಆ ವರ್ಷ ಮಳೆ ನಿಂತು ರಂಪಣಿ ಶುರುವಾಗುವ ಹೊತ್ತಿಗೆ ತಂಡೇಲ ನಮ್ಮ ಅಂಗಳಕ್ಕೆ ಬಂದ. ರಂಪಣಿ ಎಂದರೆ ದಡದಿಂದ ಎಳೆಯುವ ಬಲೆ. ದೋಣಿ ಕಡಲಿಗೆ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತದೆ, ಎರಡು ತುದಿಯ ಹಗ್ಗಗಳನ್ನು ಊರಿಗೆ ಊರೇ ನಿಂತು ಎಳೆಯುತ್ತದೆ. ಅದರ ಮುಖ್ಯಸ್ಥ ತಂಡೇಲ. ಮನೆಗೊಂದು ಆಳು ಹಗ್ಗಕ್ಕೆ ಬಂದರೆ ಮನೆಗೊಂದು ಪಾಲು ಮೀನು, ಬಾರದಿದ್ದರೆ ಇಲ್ಲ. ತಂಡೇಲ ಕೂತುಕೊಳ್ಳಲೂ ಇಲ್ಲ.

"ವಾಸು, ಈ ಸಲವೂ ನೀನು ಬಾರದಿದ್ದರೆ ನಿಮ್ಮ ಮನೆಯ ಜಾಗ ಬೇರೆಯವರಿಗೆ ಕೊಡ್ತೇನೆ. ಆಮೇಲೆ ಪೆಟ್ಟಿಗೆ ಬೇಯಿಸಿ ಸಾರು ಮಾಡಿ."

ಮಾವ ನನ್ನ ಕಡೆ ನೋಡಿದರು. ಅಳಿಯಕಟ್ಟಿನಲ್ಲಿ ಮಾವನ ಜಾಗಕ್ಕೆ ಅಳಿಯ ನಿಲ್ಲಬಹುದು, ತಂಡೇಲ ಇಲ್ಲ ಎನ್ನುವ ಹಾಗಿಲ್ಲ. ನನಗೆ ಆಗ ಹನ್ನೊಂದು. ದಿನಾ ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದೆ, ಎರಡನೇ ಬೆಂಚಿನಲ್ಲಿ ಕೂರುತ್ತಿದ್ದೆ. ಇದನ್ನು ಜಂಬದಿಂದಲೇ ಬರೆಯುತ್ತೇನೆ, ನನ್ನ ಅಕ್ಷರ ಮುತ್ತಿನ ಹಾಗಿತ್ತು. ಗೋಡೆಯ ಮೇಲಿನ ಭೂಪಟದಲ್ಲಿ ಮೇಷ್ಟ್ರು ಕೋಲು ಇಟ್ಟ ಕಡೆ ದೇಶದ ಹೆಸರು ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಬೆಂಗರೆಯಲ್ಲಿ ಐದನೇ ಕ್ಲಾಸು ದಾಟಿದ ಮೊದಲನೆಯವ ನಾನಾಗುತ್ತೇನೆ ಎಂದು ಅಮ್ಮ ಮೀನು ಕೊಳ್ಳುವವರಿಗೆಲ್ಲ ಹೇಳುತ್ತಿದ್ದಳು. ಮಾವ ನನ್ನನ್ನು ಹೊಳೆಯ ಬದಿಗೆ ಕರೆದುಕೊಂಡು ಹೋದರು. ಹಂಚಿನ ವ್ಯಾಪಾರದ ಒಬ್ಬ ದೊಡ್ಡ ಧಣಿಯ ಮಗ ಬಂದರಿನ ಒಂದು ಅಂಗಡಿಯ ಜಗಲಿಯಲ್ಲಿ ಮಾವ ಬಾರಿಸಿದ್ದನ್ನು ಕೇಳಿದ್ದಾರೆ. ದೀಪಾವಳಿ ಕಳೆದು ಅವರ ತಂಗಿಯ ಮದುವೆ, ಚಪ್ಪರದಲ್ಲಿ ಈ ಹೊಸ ಸಂಗೀತವೇ ಆಗಬೇಕು ಎಂದಿದ್ದಾರೆ. ಮನಸ್ಸಿಗೆ ಬಂದರೆ ಮನೆಯಲ್ಲೇ ವಾದ್ಯಗಾರನಾಗಿ ಇಟ್ಟುಕೊಳ್ಳುತ್ತಾರೆ. ಮಾವ ಹೇಳಿದ್ದು ಇಷ್ಟು.

"ಮದುವೆ ತನಕ ಮಾತ್ರ ನೀನು ಹಗ್ಗಕ್ಕೆ ಹೋಗು ಶೀನ. ಅವರಿಗೆ ಮೆಚ್ಚಿಗೆಯಾದ್ರೆ ನಮ್ಮ ಜಾಗಕ್ಕೆ ಆಳು ಹಾಕ್ತೇನೆ. ಆಗದಿದ್ರೆ ನಾನೇ ಬಂದು ಹಗ್ಗ ಹಿಡೀತೇನೆ. ಹೇಗಾದ್ರೂ ಮದುವೆಯ ಮರುದಿನ ನೀನು ಶಾಲೆಯಲ್ಲಿ."

"ಆಣೆಯಾ ಮಾವ?"

"ಕಡಲ ಮೇಲಾಣೆ."

ಗೆದ್ದರೂ ಶಾಲೆ, ಸೋತರೂ ಶಾಲೆ. ನಾನು ಒಪ್ಪಿದೆ. ಆಮೇಲಿನ ದಿನಗಳನ್ನು ನೆನೆದರೆ ಅಂಗೈ ಇವತ್ತೂ ಉರಿಯುತ್ತದೆ. ಒದ್ದೆ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಹಿಂದೆ ಹಿಂದೆ ಹೆಜ್ಜೆ ಇಡುವುದು, ಕೈಯಲ್ಲಿ ಗುಳ್ಳೆ ಎದ್ದು ಒಡೆಯುವುದು, ಒಡೆದದ್ದಕ್ಕೆ ಉಪ್ಪುನೀರು ಹೊಗುವುದು. ಬಲೆಗೆ ಅಂಟಿ ಬರುವ ಲೋಳೆ ಮೈಗೆ ತಾಗಿ ತೊಡೆಯಿಡೀ ತುರಿಸುವ ದಡಿಕೆ. ಮುಂದೆ ನಿಂತ ಗಂಡಸಿನ ಬೆವರು, ಹಿಂದೆ ನಿಂತವನ ಬೈಗುಳ. ಹೀಗೆ ಎಳೆದು, ಮೀನಿನ ಪಾಲು ಹೊತ್ತು ಮನೆಗೆ ಬಂದರೆ, ಜಗಲಿಯಲ್ಲಿ ಬೆಳ್ಳಗೆ ತೊಳೆದ ಕೈಯಲ್ಲಿ ಮಾವ ಟಕ್ ಟಕ್ ಟಕ್. ನಾನು ತಂದ ಮೀನಿನ ನಡುತುಂಡು ಪೊರ್ಬುವಿನ ಬಟ್ಟಲಲ್ಲಿ. ಥೂ! ಒಂದು ದಿನ ನಾನು ಬಟ್ಟಲನ್ನೇ ದೂಡಿಬಿಟ್ಟೆ. ಮಾವ ತಮ್ಮ ಬಟ್ಟಲಿನ ತಲೆಯನ್ನು ನನಗೆ ಹಾಕಿದರು. ಎಲ್ಲರ ಕಣ್ಣೆದುರು ಹಾಗೆ ಸಮಾಧಾನ ಮಾಡಿದ್ದು ನನಗೆ ಇನ್ನಷ್ಟು ಅಸಹ್ಯವಾಯಿತು. ಆದರೂ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೀಟು ಎಳೆಯುತ್ತಿದ್ದೆ, ಮದುವೆಗೆ ಎಷ್ಟು ದಿನ ಎಂದು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಮಾವ ಕ್ಷೌರಕ್ಕೆಂದು ಹೊಳೆ ದಾಟಿ ಹೋಗಿದ್ದರು. ಅಜ್ಜಿ ಪೆಟ್ಟಿಗೆಯನ್ನು ಅಂಗಳದ ಬಿಸಿಲಿಗೆ ತಂದಿಟ್ಟುಕೊಂಡು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ತಂತಿಗಳ ಮೇಲೆ ಅಲ್ಲಲ್ಲಿ ಕೆಂಪು ಹುಡಿ. ಗುಂಡಿಗಳ ಕೆಳಗಿನ ಸರಿಗೆಗಳಿಗೂ ತುಕ್ಕು. ಮಾವ ದಿನಾ ಒಣಬಟ್ಟೆಯಲ್ಲಿ ಒರೆಸುತ್ತಿದ್ದರು, ಅಷ್ಟೇ.

"ಬಟ್ಟೆಯಲ್ಲಿ ಒರೆಸಿದ್ರೆ ಕಡಲು ಕೇಳ್ತದಾ?" ಎಂದಳು ಅಜ್ಜಿ. "ನಾಳೆ ಅಷ್ಟು ದೊಡ್ಡವರ ಮುಂದೆ ಈ ತುಕ್ಕು ಹಿಡ್ಕೊಂಡು ಹೋದ್ರೆ ನಮ್ಮ ಮನೆಯಲ್ಲಿ ಹೆಂಗಸರಿಲ್ವಾ ಅಂತ ಕೇಳುವುದಿಲ್ವಾ? ಶೀನ, ಎಣ್ಣೆ ಕುಪ್ಪಿ ತಾ. ಆಚೆಯದ್ದಲ್ಲ, ಹೊಸದ್ದು, ತಿಳಿ ಇದ್ದದ್ದು."

ನಾನೇ ತಂದುಕೊಟ್ಟೆ. ಬಟ್ಟೆ ಹರಿದುಕೊಟ್ಟವನೂ ನಾನೇ. ಅಜ್ಜಿ ಇಡೀ ಬೆಳಿಗ್ಗೆ ಅದರ ಮುಂದೆ ಕೂತಳು. ಒಂದೊಂದು ತಂತಿಯನ್ನೂ ಎರಡು ಬೆರಳ ನಡುವೆ ಹಿಡಿದು ಉಜ್ಜಿದಳು, ಒಂದೊಂದು ಗುಂಡಿಯ ಬುಡಕ್ಕೂ ತೆಂಗಿನ ಕಡ್ಡಿಯಿಂದ ಎಣ್ಣೆ ಇಳಿಸಿದಳು, ಮರಕ್ಕೆ ದೋಣಿಯ ಹಲಗೆಗೆ ಕೊಡುವಂತೆ ಮೂರು ಕೈ ಎಣ್ಣೆ ಕೊಟ್ಟು ಬಿಸಿಲಿಗೆ ಕುಡಿಸಿದಳು. ಸಾಯಂಕಾಲ ಮಾವ ಬಂದು ನೋಡಿದರೆ ಪೆಟ್ಟಿಗೆ ನೀರಿನಿಂದ ಆಗಷ್ಟೇ ಎದ್ದ ಮೀನಿನ ಹಾಗೆ ಹೊಳೆಯುತ್ತಿತ್ತು. ಗುಂಡಿ ಒತ್ತಿದರೆ ಟಕ್ ಎಂಬ ಸದ್ದೇ ಇಲ್ಲ. ಮಾವ ಅಜ್ಜಿಯ ಕಾಲು ಮುಟ್ಟಿದರು. ನಮ್ಮಲ್ಲಿ ಯಾರಿಗೂ ಏನೂ ತೋಚಲಿಲ್ಲ. ಮೂಗಿನ ತುಂಬ ನಶ್ಯ ತುಂಬಿಕೊಂಡ ಪೊರ್ಬುವಿಗಂತೂ ತೋಚುವುದೇ ಇಲ್ಲ.

ಧಣಿಯ ಮನೆ ಗುಡ್ಡದ ಮೇಲೆ, ಕೊಡಿಯಾಲಬೈಲಿನ ಕಡೆ. ಮೀನು ಮುಟ್ಟದ ಮನೆ. ಅಂಗಳದ ಚಪ್ಪರದಲ್ಲಿ ಒಂದು ಬದಿಗೆ ನಮಗೆ ಚಾಪೆ ಹಾಕಿದ್ದರು. ಹೊಸ ಅಂಗಿ ಹಾಕಿಕೊಂಡು ಶ್ರುತಿಪೆಟ್ಟಿಗೆ ಹಿಡಿದು ನಾನು ಮಾವನ ಪಕ್ಕ ಕೂತೆ. ಒಳಗಿನಿಂದ ತುಪ್ಪದ ಹೊಗೆ, ಮಲ್ಲಿಗೆ, ಅರೆದ ಗಂಧ. ಮುಂದಿನ ಸಾಲಿನಲ್ಲಿ ಜರಿ ಶಾಲಿನ ಯಜಮಾನರು. ಧಣಿಯ ಮಗ, ಸಣ್ಣ ಧಣಿ, ಬಂದು ನಗುತ್ತಾ ಜನರಿಗೆ ತಿಳಿಸಿದರು, ಇದು ಜಪಾನಿನ ವಾದ್ಯ, ಇದು ವಿಲಾಯತಿ ವಾದ್ಯ, ಎರಡನ್ನೂ ಕೂಡಿಸಿದ ಸಂಗೀತ ಈ ಜಿಲ್ಲೆಯಲ್ಲೇ ಮೊದಲು ಎಂದು. ಮಾವ ಕೈ ಎತ್ತಿದರು. ನಾನು ಒಪ್ಪಿಕೊಳ್ಳಲೇಬೇಕು, ಆವತ್ತು ಮೊದಲನೇ ಬಾರಿ ಅದು ಏಡಿ ನಡೆದ ಹಾಗೆ ಕೇಳಲಿಲ್ಲ. ಐದು ಸ್ವರ ಒಂದರ ಹಿಂದೆ ಒಂದು ಬಂದು ನಿಂತವು, ನಡುವೆ ಖಾಲಿ ಬಿಟ್ಟಲ್ಲಿಗೆ ಪೊರ್ಬುವಿನ ಪಿಟೀಲು ಮೆಲ್ಲಗೆ ಕಾಲಿಟ್ಟಿತು. ಮಾತಾಡುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಸಣ್ಣ ಧಣಿ ಕಣ್ಣು ಮುಚ್ಚಿದರು. ನಾಳೆ ನಾನು ಎರಡನೇ ಬೆಂಚಿನಲ್ಲಿ ಕೂರುತ್ತೇನೆ ಎಂದು ನನ್ನೊಳಗೆ ಏನೋ ಉಬ್ಬಿತು.

ಹೊತ್ತು ನೆತ್ತಿಗೆ ಬಂತು. ಚಪ್ಪರದ ಸಂದಿನಿಂದ ಒಂದು ಕೋಲು ಬಿಸಿಲು ನೇರ ಪೆಟ್ಟಿಗೆಯ ಮೇಲೆ ಬಿತ್ತು. ಮೂರು ಕೈ ಕುಡಿದ ಎಣ್ಣೆ ಮರದಿಂದ ಬೆವರಿನ ಹಾಗೆ ಮೇಲೆ ಬರತೊಡಗಿತು. ಮೊದಲು ಮುಂದಿನ ಸಾಲಿನ ಒಬ್ಬರು ಶಾಲನ್ನು ಮೂಗಿಗೆ ತಂದರು. ಆಮೇಲೆ ಅವರ ಪಕ್ಕದವರು. ಒಬ್ಬಳು ಮುದುಕಿ ಎದ್ದು ಒಳಗೆ ಹೋದಳು. ಧಣಿಯ ಲೆಕ್ಕ ಬರೆಯುವ ರೈಟರು ಇಬ್ಬರು ಆಳುಗಳನ್ನು ಕರೆದು ಚಪ್ಪರದ ಮೂಲೆಗಳಲ್ಲಿ ಸತ್ತ ಇಲಿ ಹುಡುಕಿಸಿದರು. ಚಾಪೆ ಎತ್ತಿ ನೋಡಿದರು. ಪನ್ನೀರು ಚಿಮುಕಿಸಿದರು. ಪನ್ನೀರು ಬೆರೆತ ಮೇಲೆ ಅದು ಇನ್ನೂ ಒಂದು ಹೊಸ ರೂಪ ತಾಳಿತು. ಹುಟ್ಟಿದಂದಿನಿಂದ ಉಸಿರಾಡಿದ ಗಾಳಿ ಅದು, ಆ ಚಪ್ಪರದಲ್ಲಿ ಆ ಜನರ ಮುಖ ನೋಡಿ ಅದು ನನಗೆ ಮೊದಲ ಸಲ ನಾತವಾಯಿತು.

"ಇಲಿ ಅಲ್ಲ, ಬೂತಾಯಿ ಎಣ್ಣೆ!" ಎಂದ ಒಬ್ಬ ಆಳು, ನಗು ತಡೆಯಲಾರದೆ. "ಈ ಪೆಟ್ಟಿಗೆಯಿಂದಲೇ ಬರುವುದು. ಬೆಂಗರೆಯವರಲ್ವಾ, ಕಡಲನ್ನೇ ಹೊತ್ಕೊಂಡು ಬಂದಿದ್ದಾರೆ."

ಒಂದು ಕಡೆಯಿಂದ ನಗು ಎದ್ದಿತು. ಸಣ್ಣ ಧಣಿ ಬೇರೆ ಕಡೆ ಮುಖ ತಿರುಗಿಸಿದರು. ಈಗ ತಾನೇ ಕಣ್ಣು ಮುಚ್ಚಿ ಕೇಳುತ್ತಿದ್ದವರು! ಆ ಮುಖ ತಿರುಗಿಸುವಿಕೆಗೆ ನಾನು ಇವತ್ತಿಗೂ ಉಗುಳುತ್ತೇನೆ. ರೈಟರು ನನ್ನ ಹತ್ತಿರ ಬಗ್ಗಿದರು.

"ಏ ಹುಡುಗ, ನೀನು ಇವನ ಎಂತ ಆಗ್ಬೇಕು?"

ನಾನು ಮಾವನ ಮುಖ ನೋಡಲಿಲ್ಲ.

"ಎಂತದ್ದೂ ಅಲ್ಲ. ನಾನು ಪೊರ್ಬುಗಳ ಒಟ್ಟಿಗೆ ಬಂದವ."

ಪೆಟ್ಟಿಗೆಯ ಮೇಲೆ ಓಡುತ್ತಿದ್ದ ಬೆರಳುಗಳು ಒಮ್ಮೆ ನಿಂತವು. ಅಲ್ಲಿ ಪೊರ್ಬು ಬರಬೇಕಾಗಿರಲಿಲ್ಲ, ಆದರೂ ಅವನು ಹೇಗೋ ತಿಳಿದು ಒಂದು ಸ್ವರ ಎಳೆದು ಆ ಜಾಗವನ್ನು ತುಂಬಿದ. ಆಮೇಲೆ ಮಾವನ ಬೆರಳು ಪುನಃ ನಡೆಯಿತು. ಮುಂದಿನ ಸಾಲು ಪೂರ್ತಿ ಖಾಲಿಯಾದ ಮೇಲೂ, ಆಳುಗಳು ಊಟದ ಎಲೆ ಹಾಕಲು ಶುರು ಮಾಡಿದ ಮೇಲೂ, ಅವರು ಅದನ್ನು ಕಡೆಯ ತನಕ ಬಾರಿಸಿದರು. ನಮಗೆ ಹಿತ್ತಿಲಲ್ಲಿ ಬಾವಿಯ ಆಚೆ ಎಲೆ ಹಾಕಿದರು. ಪಾಯಸವನ್ನು ಎತ್ತರದಿಂದ ಬಿಟ್ಟರು. ನಾನು ಮುಟ್ಟಲಿಲ್ಲ. ಮಾವ ಉಂಡರು. ಎರಡನೇ ಸಲ ಅನ್ನ ಹಾಕಿಸಿಕೊಂಡು, ಎಲೆ ಚೊಕ್ಕವಾಗುವ ಹಾಗೆ ಉಂಡರು. ಮರ್ಯಾದೆ ಇಲ್ಲದ ಈ ಮನುಷ್ಯನ ಅಳಿಯನಾಗಿ ಹುಟ್ಟಿದೆನಲ್ಲ ಎಂದು ನನಗೆ ಅವರ ಗಂಟಲು ನೋಡಿಯೇ ಓಕರಿಕೆ ಬಂತು. ಆ ವಯಸ್ಸಿನಲ್ಲಿ ಹೇಸಿಗೆಯನ್ನು ಬೇರೆಯವರ ಮೇಲೆ ಹಾಕುವುದು ಬಹಳ ಸುಲಭ.

ಹೊಳೆ ದಾಟುವಾಗ ಬಿಸಿಲು ಇನ್ನೂ ಇತ್ತು. ಅಜ್ಜಿ ದೋಣಿ ನಿಲ್ಲುವ ಕಡವಿಗೇ ಬಂದು ನಿಂತಿದ್ದಳು.

"ಹೇಗಾಯ್ತು ವಾಸು? ಎಂತ ಹೇಳಿದ್ರು?"

ಮಾವ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟರು.

"ಎಲ್ಲ ಹತ್ತಿರ ಬಂದು ಬಂದು ನೋಡಿದ್ರು ಅಮ್ಮ. ಎಂತ ಹೊಳಪು, ಯಾವ ಎಣ್ಣೆ ಅಂತ ಕೇಳಿದ್ರು."

"ನಾನು ಹೇಳಲಿಲ್ವಾ! ನೀನು ಒಣಬಟ್ಟೆಯಲ್ಲಿ ಒರೆಸ್ತಾ ಕೂತಿದ್ದಿ."

ಅಮ್ಮ ಮಾವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋಗಿ ಗಂಜಿಗೆ ನೀರು ಹಾಕಿದಳು. ಮಾವ ಅಂಗಳದಲ್ಲಿ ಕೂತು, ಮದುವೆಯಲ್ಲಿ ಬಾರಿಸಿದ್ದನ್ನೇ ಅಜ್ಜಿಗೆ ಪೂರ್ತಿ ಬಾರಿಸಿ ತೋರಿಸಿದರು. ಆ ಸುಳ್ಳನ್ನು ಅಜ್ಜಿ ಸಾಯುವ ತನಕ ನಂಬಿಕೊಂಡಿದ್ದಳು. ವರ್ಷ ವರ್ಷವೂ ದೋಣಿಗೆ ಎಣ್ಣೆ ಕೊಡುವ ದಿನ ಪೆಟ್ಟಿಗೆಗೂ ಮೂರು ಕೈ ಕೊಟ್ಟಳು. ಅವಳ ನಂತರ ಮಾವ ಕೊಟ್ಟರು. ಈಗ ಯಾರು ಕೊಡುತ್ತಾರೆ ಎಂದು ನನ್ನ ಸೊಸೆ ಕೇಳುವುದಿಲ್ಲ, ಆ ದಿನ ಕಿಟಕಿಗಳನ್ನು ತೆರೆದಿಡುತ್ತಾಳೆ. ಧಣಿಯ ಮನೆಯಿಂದ ಮತ್ತೆ ಕರೆ ಬರಲಿಲ್ಲ. ಯಾವ ಮನೆಯಿಂದಲೂ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮಾವ ಸೊಂಟಕ್ಕೆ ಹಗ್ಗದ ತುಂಡು ಕಟ್ಟಿಕೊಂಡು ಕಡಲ ಕಡೆ ಹೋಗಿಯಾಗಿತ್ತು. ಆಣೆ ಆಣೆಯೇ. ಅಮ್ಮ ನನ್ನ ಪುಸ್ತಕದ ಚೀಲವನ್ನು ಜಗಲಿಯಲ್ಲಿ ತೆಗೆದಿಟ್ಟಿದ್ದಳು. ತಲೆಗೆ ಎಣ್ಣೆ ಹಾಕಿ, ಬಾಚಿ, ನಿನ್ನೆಯ ಹೊಸ ಅಂಗಿಯನ್ನೇ ತೊಡಿಸಿದಳು. ನಾನು ಹೊಳೆ ದಾಟಿದೆ. ಬಂದರಿನ ರಸ್ತೆಯಲ್ಲಿ ನಡೆದು ಶಾಲೆಯ ಗೇಟಿನ ತನಕ ಹೋದೆ. ಒಳಗೆ ಮಕ್ಕಳು ತಮ್ಮ ತಮ್ಮ ಬೆಂಚಿನಲ್ಲೇ ಪ್ರಾರ್ಥನೆಗೆ ಎದ್ದು ನಿಂತಿದ್ದರು. ಕಿಟಕಿಯಿಂದ ನನ್ನ ಬೆಂಚು ಕಾಣುತ್ತಿತ್ತು, ನನ್ನ ಜಾಗದಲ್ಲಿ ಯಾರೂ ಇರಲಿಲ್ಲ. ಯಾರೂ ನನ್ನನ್ನು ತಡೆಯಲಿಲ್ಲ, ಯಾರೂ ಒಂದು ಮಾತು ಹೇಳಲಿಲ್ಲ. ನಾನು ಅಂಗೈಯನ್ನು ಮೂಗಿಗೆ ತಂದು ನೋಡಿದೆ. ಅಂಗಿಯ ತೋಳನ್ನು ಮೂಸಿ ನೋಡಿದೆ. ಇಷ್ಟು ವರ್ಷ ಎರಡನೇ ಬೆಂಚಿನಲ್ಲಿ ಕೂತಾಗ ಪಕ್ಕದ ಹುಡುಗರು ಯಾಕೆ ಒಂದು ಗೇಣು ಆಚೆ ಸರಿದು ಕೂರುತ್ತಿದ್ದರು ಎಂಬುದು ಆಗ, ಆ ಗೇಟಿನ ಎದುರು, ಒಮ್ಮೆಗೇ ಗೊತ್ತಾಯಿತು. ಅವರು ನನ್ನ ಅಕ್ಷರಕ್ಕೆ ಮರ್ಯಾದೆ ಕೊಟ್ಟು ಜಾಗ ಬಿಡುತ್ತಿದ್ದಾರೆ ಎಂದು ನಾನು ತಿಳಿದಿದ್ದೆ.

ಹಾಗೇ ತಿರುಗಿ ನಡೆದೆ. ದೋಣಿಯವನು "ಎಂತ, ಮರೆತು ಬಂದಿಯಾ?" ಎಂದು ಕೇಳಿದ. ಚೀಲವನ್ನು ಅಂಗಳದ ಮೂಲೆಯಲ್ಲಿ ಎಣ್ಣೆ ಕಾಯಿಸುವ ಹಂಡೆಯ ಪಕ್ಕ ಇಟ್ಟು, ಅಂಗಿ ಬಿಚ್ಚಿ ಅದರ ಮೇಲೆ ಹಾಕಿ, ಕಡಲ ಕಡೆ ಓಡಿದೆ. ಬಲೆ ಅರ್ಧ ದಡಕ್ಕೆ ಬಂದಿತ್ತು. ಗಂಡಸರೆಲ್ಲ ಹಿಂದೆ ಬಾಗಿ ಎಳೆಯುತ್ತಿದ್ದರು. ಸಾಲಿನ ನಡುವೆ ಮಾವ. ಇಷ್ಟು ದಿನ ಬೆಳ್ಳಗೆ ತೊಳೆದಿಟ್ಟುಕೊಂಡ ಅವರ ಅಂಗೈ ಆಗಲೇ ಒಡೆದು ಹಗ್ಗದ ಮೇಲೆ ಕೆಂಪು ಹತ್ತಿತ್ತು. ನಾನು ಹೋಗಿ ಪಕ್ಕ ನಿಂತೆ. ಎಂತದ್ದೂ ಅಲ್ಲ ಎಂದು ಹೇಳಿದ ಬಾಯಿ ನನ್ನದು, ತೆರೆಯಲಿಲ್ಲ. ಆವತ್ತೂ ತೆರೆಯಲಿಲ್ಲ, ಅವರು ಬದುಕಿದ್ದ ತನಕವೂ ಆ ಒಂದು ಮಾತಿಗೆ ತೆರೆಯಲಿಲ್ಲ. ನನಗೆ ನನ್ನ ಮೇಲಿರುವ ಹೇಸಿಗೆ ಅದು, ಯಾವ ಸಾಬೂನಿಗೂ ಹೋಗುವಂಥದ್ದಲ್ಲ.

ಮಾವ ಹಗ್ಗದಿಂದ ಕಣ್ಣು ತೆಗೆಯದೆ ಕೇಳಿದರು.

"ಶಾಲೆಗೆ ರಜೆಯಾ?"

"ಹೌದು."

ಅವರು ಅರ್ಧ ಹೆಜ್ಜೆ ಹಿಂದಕ್ಕೆ ಸರಿದರು. ಅವರ ಕೈಗಳ ಮುಂದೆ ಹಗ್ಗದಲ್ಲಿ ಒಂದು ಗೇಣು ಜಾಗ ಖಾಲಿಯಾಯಿತು. ನಾನು ಹಿಡಿದು ಎಳೆದೆ.